ಮಾತು ಕಡಿಮೆಯ ಹುಡುಗಿ ಮ್ಯಾಚ್ ಗೆಲ್ಲಲಾರಳೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ನಾಲ್ಕು ವರ್ಷದಿಂದ ಹಾಸನದಲ್ಲಿ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ. ಚಿಕ್ಕಂದಿನಿಂದಲೂ ಮಾತು ಕಡಿಮೆ, ಮನೆಗೆ ನೆಂಟರು ಬಂದರೆ ರೂಮು ಸೇರಿಕೊಳ್ಳುತ್ತಾಳೆ. ಅಭ್ಯಾಸದಲ್ಲಿ ತನಗಿಂತ ದೊಡ್ಡವರನ್ನೂ ಸೋಲಿಸುತ್ತಾಳೆ, ಟೂರ್ನಿಯಲ್ಲಿ ಮಾತ್ರ 21 ಪಾಯಿಂಟಿನ ಗೇಮ್‌ನಲ್ಲಿ 18–15ರ ಮುನ್ನಡೆ ಇದ್ದರೂ ಬಿಟ್ಟುಕೊಟ್ಟು ಬರುತ್ತಾಳೆ. ಕೋಚ್ ‘ಇವಳಿಗೆ ಕಿಲ್ಲರ್ ಇನ್‌ಸ್ಟಿಂಕ್ಟ್ ಇಲ್ಲ’ ಅನ್ನುತ್ತಾರೆ. ಬೆಂಗಳೂರಿನ ಒಂದು ವಸತಿ ಅಕಾಡೆಮಿಗೆ ವಿಚಾರಿಸಲು ಹೋದಾಗ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು ‘ಕ್ರೀಡಾ ವ್ಯಕ್ತಿತ್ವ ಪರೀಕ್ಷೆ’ ಮಾಡಿದರು. ‘ಅಂತರ್ಮುಖಿ, ಸಿಂಗಲ್ಸ್‌ಗೆ ಸೂಕ್ತವಲ್ಲ, ಆದರೆ ಎರಡು ವರ್ಷ ನಮ್ಮಲ್ಲಿದ್ದರೆ ಬದಲಾಗುತ್ತಾಳೆ’ ಎಂದು ವರದಿ ಕೊಟ್ಟಿದ್ದಾರೆ. ಹಾಸ್ಟೆಲ್‌ನಲ್ಲಿದ್ದರೆ ಧೈರ್ಯ ಬರುತ್ತದೆ ಎಂದು ನಮ್ಮ ಯಜಮಾನರ ವಾದ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ಅತ್ತೆಯವರ ವಾದ. ನಾನು ಯಾರ ಮಾತು ಕೇಳಲಿ?

ಉತ್ತರ: ಮಗಳ ಸ್ವಭಾವವೇ ಅವಳ ಆಟಕ್ಕೆ ಅಡ್ಡ ಬರುತ್ತಿದೆಯೇ ಎಂಬುದು ನಿಮ್ಮ ಆತಂಕ. ಆದರೆ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಅವಳು ಮಾತು ಕಡಿಮೆಯವಳು ಎಂಬುದು ಒಂದು, ಮುನ್ನಡೆ ಇದ್ದಾಗ ಕೈಚೆಲ್ಲುತ್ತಾಳೆ ಎಂಬುದು ಇನ್ನೊಂದು, ಹಾಸ್ಟೆಲ್ ಸೇರಿಸಬೇಕೇ ಎಂಬುದು ಮತ್ತೊಂದು. ಕೋಚ್, ಅಕಾಡೆಮಿ, ಮನೆಯವರು ಎಲ್ಲ ಸೇರಿ ಈ ಮೂರನ್ನೂ ಒಂದೇ ಗಂಟು ಹಾಕಿಬಿಟ್ಟಿದ್ದಾರೆ. ಬಿಡಿಸಿ ನೋಡಿದರೆ ಮೊದಲನೆಯದು ಸಮಸ್ಯೆಯೇ ಅಲ್ಲ. ಎರಡನೆಯದಕ್ಕೆ ಮದ್ದು ಕೋರ್ಟಿನಲ್ಲೇ ಇದೆ. ಮೂರನೆಯದನ್ನು ಅವಳ ಗುಣ ನೋಡಿ ತೀರ್ಮಾನಿಸುವುದಲ್ಲ, ಅಕಾಡೆಮಿಯ ಗುಣ ನೋಡಿ ತೀರ್ಮಾನಿಸಬೇಕು.

ಮೊದಲು ಆ ವರದಿಯನ್ನು ಪಕ್ಕಕ್ಕಿಡಿ. ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿದ್ದಾಗ, ಸುಮಾರು ಮೂರರಿಂದ ಐದನೇ ತಿಂಗಳೊಳಗೆ ಮೂಡಿ ನಿಲ್ಲುತ್ತವೆ. ಆ ಗೆರೆಗಳಿಂದ ಸ್ವಭಾವವನ್ನಾಗಲಿ, ಯಾವ ಆಟ ಒಗ್ಗುತ್ತದೆ ಎಂಬುದನ್ನಾಗಲಿ ಹೇಳಬಹುದು ಎನ್ನಲು ವೈಜ್ಞಾನಿಕ ಆಧಾರವಿಲ್ಲ. ವರದಿಯ ಒಳಗೇ ಇರುವ ಎಡವಟ್ಟು ನೋಡಿ. ಹುಟ್ಟುವ ಮೊದಲೇ ಅಚ್ಚಾದ ಗೆರೆಯಲ್ಲಿ ಗುಣ ಬರೆದಿದ್ದರೆ ಎರಡು ವರ್ಷದ ಫೀಸು ಕಟ್ಟಿದ ಮಾತ್ರಕ್ಕೆ ಅದು ಹೇಗೆ ಬದಲಾಗುತ್ತದೆ? ಬದಲಾಗುವುದಾದರೆ ಬೆರಳಚ್ಚು ತೆಗೆದದ್ದಾದರೂ ಯಾಕೆ? ಇನ್ನು ‘ಅಂತರ್ಮುಖಿಗೆ ಸಿಂಗಲ್ಸ್ ಸರಿಯಲ್ಲ’ ಎಂಬ ಮಾತು ಸಂಶೋಧನೆಗೆ ತಿರುಗುಮುರುಗಾಗಿದೆ. ತಂಡದ ಆಟಗಾರರಲ್ಲಿ ಬಹಿರ್ಮುಖತೆ, ಅಂದರೆ ಜನರ ಜೊತೆ ಸಲೀಸಾಗಿ ಬೆರೆಯುವ ಗುಣ, ಸರಾಸರಿ ತುಸು ಹೆಚ್ಚು. ಒಬ್ಬರೇ ಆಡುವ ಆಟಗಳಲ್ಲಿ ಶಿಸ್ತು, ತನ್ನಷ್ಟಕ್ಕೆ ತಾನು ದುಡಿಯುವ ಗುಣ ಹೆಚ್ಚು ಕಾಣುತ್ತವೆ.

ಆ ವರದಿಯನ್ನು ಮಗಳು ಓದಿದ್ದಾಳೆಯೇ, ಅಥವಾ ನೀವು ಮಾತಾಡುವುದು ಅವಳ ಕಿವಿಗೆ ಬಿದ್ದಿದೆಯೇ, ವಿಚಾರಿಸಿ. ಬಿದ್ದಿದ್ದರೆ ‘ಅದಕ್ಕೆ ಆಧಾರವಿಲ್ಲ, ನಾವು ನಂಬಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. 13ರ ಮಗು ‘ನೀನು ಇಂಥವಳು’ ಎಂಬ ಮಾತನ್ನು ತೀರ್ಪಿನಂತೆ ತೆಗೆದುಕೊಳ್ಳುತ್ತದೆ. ಮುಂದಿನ ಸಲ 18ರಲ್ಲಿ ಒಂದು ಪಾಯಿಂಟ್ ಹೋದರೆ ಅದು ಬರೀ ಒಂದು ಪಾಯಿಂಟಾಗಿ ಉಳಿಯದೆ ಆ ತೀರ್ಪಿಗೆ ಸಾಕ್ಷಿಯಾಗಿಬಿಡುತ್ತದೆ.

ಕಾಗದದ ಮೇಲಿನ ಪ್ರಶ್ನಾವಳಿಗಳ ಕಥೆ ಬೇರೆ. ಸರಿಯಾಗಿ ರೂಪಿಸಿದವು ಸ್ವಭಾವವನ್ನು ತಕ್ಕಮಟ್ಟಿಗೆ ಅಳೆಯುತ್ತವೆ. ಆದರೆ ಆಯ್ಕೆಗೆ ಅವನ್ನು ಬಳಸಲು ಹೊರಟವರ ಅನುಭವ ಚೆನ್ನಾಗಿಲ್ಲ. 1960ರ ದಶಕದಲ್ಲಿ ಅಮೆರಿಕದ ಬ್ರೂಸ್ ಒಗಿಲ್ವಿ ಮತ್ತು ಥಾಮಸ್ ಟುಟ್ಕೊ ಎಂಬ ಮನಶ್ಶಾಸ್ತ್ರಜ್ಞರು ಕ್ರೀಡಾಪಟುಗಳಿಗೆಂದೇ ಒಂದು ಪ್ರಶ್ನಾವಳಿ ಮಾಡಿದರು. ತಂಡಗಳು ಅದನ್ನು ಉತ್ಸಾಹದಿಂದ ಬಳಸಿದವು. ಅದರಿಂದ ಯಾರು ಗೆಲ್ಲುತ್ತಾರೆಂದು ಮುಂಚಿತವಾಗಿ ಹೇಳಬಹುದೇ ಎಂಬ ಬಗ್ಗೆ ಉಳಿದ ಸಂಶೋಧಕರು ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ ಉಳಿದ ತಿಳಿವಳಿಕೆ ಇಷ್ಟು: ಆಟದ ಮಟ್ಟದಲ್ಲಿನ ವ್ಯತ್ಯಾಸದ ಸಣ್ಣ ಪಾಲನ್ನಷ್ಟೇ ಸ್ವಭಾವ ವಿವರಿಸುತ್ತದೆ. ಅದೂ ದೊಡ್ಡವರಲ್ಲಿ, ಪ್ರಾಮಾಣಿಕವಾಗಿ ಉತ್ತರಿಸಿದರೆ. ಸೀಟು ಬೇಕಾದ ಮಗು ‘ನಾನು ಸೋಲಿಗೆ ಅಂಜುತ್ತೇನೆ’ ಎಂಬ ಸಾಲಿನ ಮುಂದೆ ಹೌದು ಎಂದು ಗುರುತು ಹಾಕೀತೇ? ಕೆಲಸ ಬಲ್ಲ ಮನಶ್ಶಾಸ್ತ್ರಜ್ಞರು ಇಂಥ ಪರೀಕ್ಷೆಯನ್ನು ಆಟಗಾರರ ಜೊತೆ ಮಾತು ಶುರುಮಾಡಲು ಬಳಸುತ್ತಾರೆ, ಬಾಗಿಲು ಮುಚ್ಚಲು ಬಳಸುವುದಿಲ್ಲ.

ಹಾಗಾದರೆ ದೊಡ್ಡ ಆಟಗಾರರೆಲ್ಲ ಗಟ್ಟಿ ಗುಂಡಿಗೆಯವರಂತೆ, ಜನರ ನಡುವೆ ಸಲೀಸಾಗಿ ಇರುವವರಂತೆ ಕಾಣುವುದೇಕೆ? ಸರಾಸರಿ ತೆಗೆದರೆ ನಿಯಮಿತವಾಗಿ ಆಡುವವರಲ್ಲಿ ಬಹಿರ್ಮುಖತೆ, ಭಾವನೆಗಳ ಸ್ಥಿರತೆ, ಶಿಸ್ತು ತುಸು ಹೆಚ್ಚಿರುವುದು ನಿಜ. ಇದಕ್ಕೆ ಎರಡು ದಾರಿಗಳಿವೆ, ಜನ ಎರಡನೆಯದನ್ನೇ ಹೇಳುತ್ತಾರೆ, ಮೊದಲನೆಯದನ್ನು ಮರೆಯುತ್ತಾರೆ.

ಮೊದಲನೆಯದು ಜರಡಿ. ಹತ್ತು ವರ್ಷದ ಮೂವತ್ತು ಮಕ್ಕಳು ಬೇಸಿಗೆ ಶಿಬಿರಕ್ಕೆ ಬಂದರೆ ಕೋಚ್ ಕಣ್ಣಿಗೆ ಬೀಳುವುದು ಮುಂದೆ ನಿಂತು ಕೈ ಎತ್ತುವವರು. ಅವರಿಗೆ ಹೆಚ್ಚು ಸರದಿ, ಹೆಚ್ಚು ತಿದ್ದುವಿಕೆ, ತಂಡದಲ್ಲಿ ಜಾಗ. ಹಿಂದೆ ನಿಂತವರು ಎರಡು ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಆಮೇಲೆ ಉಳಿದವರನ್ನು ತೋರಿಸಿ ‘ನೋಡಿ, ಆಟ ಇವರನ್ನು ಧೈರ್ಯವಂತರನ್ನಾಗಿ ಮಾಡಿತು’ ಅನ್ನುತ್ತೇವೆ. ವಯಸ್ಸಿನ ಲೆಕ್ಕವೂ ಇದೇ ಜರಡಿಯ ಭಾಗ. ಜನವರಿ 1ರ ಲೆಕ್ಕ ಹಿಡಿಯುವ ವಯೋವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದ ಮಗುವಿಗೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆಯ ಅಂತರ. ದೊಡ್ಡ ಮಗುವಿನ ಮೈಬಲವೇ ‘ಆತ್ಮವಿಶ್ವಾಸ’ ಎಂದು ಕಾಣುವುದುಂಟು. ಒಗಿಲ್ವಿ ಮತ್ತು ಟುಟ್ಕೊ ಅವರೇ 1971ರಲ್ಲಿ ಬರೆದ ಲೇಖನದಲ್ಲಿ ಆಟ ಗುಣ ಕಟ್ಟುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದರು. ಕಠಿಣ ಆಯ್ಕೆಯನ್ನು ದಾಟಿ ಉಳಿದವರ ಗುಣವನ್ನು ನಾವು ಆಟದ ಖಾತೆಗೆ ಜಮಾ ಮಾಡುತ್ತಿದ್ದೇವೆ ಎಂಬುದು ಅವರ ಮಾತಿನ ಸಾರ.

ಎರಡನೆಯದು ಅನುಭವ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶಿಕ. ನಿಮ್ಮ ಅತ್ತೆಯವರ ಮಾತು ಅರ್ಧ ಸರಿ ಎಂದಾಯಿತು. ಉಳಿದದ್ದು ಬದುಕಿನಿಂದ ಬರುತ್ತದೆ, ಆಟವೂ ಅದರಲ್ಲೊಂದು. ಆದರೆ ಈ ಬದಲಾವಣೆ ನಿಧಾನ, ಸಣ್ಣದು. ಅದರಲ್ಲೂ 11ರಿಂದ 14ರ ನಡುವೆ ಶಿಸ್ತು, ಹೊಂದಾಣಿಕೆ ಸ್ವಲ್ಪ ಇಳಿದು ಮತ್ತೆ ಏರುವುದು ಬಹಳ ಮಕ್ಕಳಲ್ಲಿ ಸಾಮಾನ್ಯ. ಹೆಣ್ಣುಮಕ್ಕಳು ವೇಗವಾಗಿ ಎತ್ತರ ಬೆಳೆಯುವುದೂ ಹೆಚ್ಚಾಗಿ 12ರ ಆಸುಪಾಸಿನಲ್ಲೇ. ಕೈಕಾಲು ಉದ್ದವಾದಂತೆ ಶಟಲ್‌ಗೆ ಕೈ ತಾಗುವ ಹೊತ್ತು ತಪ್ಪುತ್ತದೆ, ಮುಟ್ಟು ಶುರುವಾದ ಹೊಸತರಲ್ಲಿ ಸುಸ್ತು, ಮುಜುಗರ ಇರುತ್ತವೆ. ಇದನ್ನೆಲ್ಲ ‘ಅವಳಿಗೆ ಆಸಕ್ತಿ ಇಲ್ಲ’ ಎಂದು ಓದುವ ಕೋಚ್‌ಗಳಿದ್ದಾರೆ. ಈ ವಯಸ್ಸಿನಲ್ಲಿ ‘ಇವಳ ಗುಣ ಇಂಥದ್ದು’ ಎಂದು ಬರೆದುಕೊಡುವುದೇ ಅವಸರ.

ಕಿಲ್ಲರ್ ಇನ್‌ಸ್ಟಿಂಕ್ಟ್ ವಿಚಾರಕ್ಕೆ ಬರೋಣ. 2006ರ ಜನವರಿಯಲ್ಲಿ ಲಾಹೋರ್ ಟೆಸ್ಟ್‌ನಲ್ಲಿ ವೀರೇಂದ್ರ ಸೆಹ್ವಾಗ್ ಮತ್ತು ರಾಹುಲ್ ದ್ರಾವಿಡ್ ಮೊದಲ ವಿಕೆಟ್‌ಗೆ 410 ರನ್ ಸೇರಿಸಿದರು. ಒಂದು ತುದಿಯಲ್ಲಿ ಸೆಹ್ವಾಗ್ 254, ಇನ್ನೊಂದು ತುದಿಯಲ್ಲಿ ದ್ರಾವಿಡ್ ಅಜೇಯ 128. ಅದೇ ಪಿಚ್, ಅದೇ ಬೌಲರ್‌ಗಳು, ಪೂರ್ತಿ ಬೇರೆಯದೇ ಎರಡು ಸ್ವಭಾವ. ಮೌನಿಯನ್ನು ಬಾಯಿಬಡುಕನನ್ನಾಗಿ ಮಾಡಿದ್ದರೆ ಆ ಜೊತೆಯಾಟ ಉದ್ದವಾಗುತ್ತಿತ್ತೇ? ನಿಮ್ಮ ಆಟದಲ್ಲೇ ಬೇಕೆಂದರೆ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಅವರು ಕೋರ್ಟಿನಲ್ಲಿ ಅಬ್ಬರಿಸಿ ಹೆಸರು ಮಾಡಿದವರಲ್ಲ. 2002ರಲ್ಲಿ ಕ್ರೀಡಾ ಮನಶ್ಶಾಸ್ತ್ರಜ್ಞ ಡೇನಿಯಲ್ ಗೂಲ್ಡ್ ಮತ್ತು ಸಂಗಡಿಗರು ಹತ್ತು ಮಂದಿ ಅಮೆರಿಕನ್ ಒಲಿಂಪಿಕ್ ಚಾಂಪಿಯನ್ನರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಗುಣಗಳು ಆತಂಕ ಹತೋಟಿ, ಗಮನ, ಆತ್ಮವಿಶ್ವಾಸ, ಗುರಿ ಇಟ್ಟುಕೊಂಡು ದುಡಿಯುವುದು, ಕಲಿಯಲು ಒಪ್ಪುವುದು ಇತ್ಯಾದಿ. ಇವುಗಳಲ್ಲಿ ಹೆಚ್ಚಿನವು ಕಲಿಸಬಹುದಾದ ಕೌಶಲಗಳು. ಇವಕ್ಕೆ ವಾಚಾಳಿಯಾಗಬೇಕಿಲ್ಲ.

ಇಲ್ಲಿ ಯಾರಾದರೂ ಪಿ.ವಿ. ಸಿಂಧು ಕಥೆ ಎತ್ತುತ್ತಾರೆ. ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಕೋರ್ಟಿನ ನಡುವೆ ನಿಂತು ಕೂಗು ಎಂದು ಆಗಿನ ಕೋಚ್ ಗೋಪಿಚಂದ್ ಅವರು ಆಕೆಗೆ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿ ಊರೂರಲ್ಲಿ ಮಕ್ಕಳನ್ನು ಕಿರುಚಿಸುವವರು ಹುಟ್ಟಿಕೊಂಡರು. ಅಲ್ಲಿ ಕಲಿಸಿದ್ದು ಕೋರ್ಟಿನಲ್ಲಿನ ಒಂದು ನಡವಳಿಕೆಯನ್ನು. ಕಲಿತವರು ಆಗಲೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದಿದ್ದ ವಯಸ್ಕ ಆಟಗಾರ್ತಿ, ಕಲಿಸಿದವರು ವರ್ಷಗಳಿಂದ ಆಕೆಯನ್ನು ಬಲ್ಲವರು. ನಾಚಿಕೆಯ 13ರ ಹುಡುಗಿಯನ್ನು ಎಲ್ಲರೆದುರು ಕೂಗಿಸಿದರೆ ಅವಳು ಕಲಿಯುವುದು ಅಭ್ಯಾಸಕ್ಕೆ ಹೋಗದಿರಲು ಹೊಟ್ಟೆನೋವಿನ ನೆಪ ಹೇಳುವುದನ್ನು.

ಈಗ 18–15. ಇದೇ ನಿಜವಾದ ಕೆಲಸ. ಮೊದಲು ಏನಾಗುತ್ತಿದೆ ಎಂದು ನೋಡಬೇಕು, ಊಹಿಸಬಾರದು. ಮುಂದಿನ ಎರಡು ಟೂರ್ನಿಗಳಲ್ಲಿ ಫೋನನ್ನು ಕೋರ್ಟಿನ ಹಿಂಬದಿ ಎತ್ತರದಲ್ಲಿಟ್ಟು ರೆಕಾರ್ಡ್ ಮಾಡಿ. ಆಮೇಲೆ 16 ದಾಟಿದ ನಂತರದ ಪ್ರತಿ ಪಾಯಿಂಟ್ ಹೇಗೆ ಹೋಯಿತು ಎಂದು ಬರೆಯಿರಿ: ಸರ್ವ್ ನೆಟ್‌ಗೆ ಬಡಿಯಿತೇ, ಎತ್ತಿದ ಶಟಲ್ ಅರ್ಧ ಕೋರ್ಟಿನಲ್ಲೇ ಬಿತ್ತೇ, ಸುಮ್ಮನೆ ಹೊರಗೆ ಹೊಡೆದಳೇ, ಎದುರಾಳಿಯೇ ಚೆನ್ನಾಗಿ ಹೊಡೆದಳೇ. ಉದ್ದ ರ್‍ಯಾಲಿಗಳ ಕೊನೆಯಲ್ಲಿ ತಲುಪಲಾಗದೆ ಪಾಯಿಂಟ್ ಹೋಗುತ್ತಿದ್ದರೆ ಅದು ಮನಸ್ಸಿನ ವಿಷಯವಲ್ಲ, ದಮ್ಮು ಸಾಲದು. ಮುನ್ನಡೆ ಸಿಕ್ಕೊಡನೆ ದಾಳಿ ಬಿಟ್ಟು ಬರೀ ಎತ್ತಿ ಎತ್ತಿ ಕೊಡುತ್ತಿದ್ದರೆ ಅದು ತಂತ್ರದ ತಪ್ಪು, ಕೋಚ್ ತಿದ್ದಬೇಕಾದ್ದು. ಸರ್ವ್ ಮತ್ತು ಸುಲಭದ ಹೊಡೆತಗಳು ಕೆಟ್ಟರೆ ಮಾತ್ರ ಅದು ಒತ್ತಡ.

ಒತ್ತಡದಲ್ಲಿ ನಡೆಯುವುದು ಹೀಗೆ. ‘ಇನ್ನು ಮೂರೇ ಪಾಯಿಂಟ್’ ಎಂಬ ಯೋಚನೆ ಬಂದ ಕೂಡಲೇ ಹಿಡಿಕೆಯ ಮೇಲೆ ಬೆರಳು ಬಿಗಿಯುತ್ತವೆ, ಮುಂಗೈ ಗಟ್ಟಿಯಾಗುತ್ತದೆ, ಮಣಿಕಟ್ಟು ತಿರುಗುವುದು ಕಡಿಮೆಯಾಗುತ್ತದೆ. ಎದುರಿನ ಬೇಸ್‌ಲೈನ್ ಮುಟ್ಟುವಂತೆ ಎತ್ತಿ ಹೊಡೆಯುವ ಕ್ಲಿಯರ್ ಗಿಡ್ಡವಾಗುತ್ತದೆ, ಎದುರಿನವಳಿಗೆ ಸ್ಮ್ಯಾಶ್‌ಗೆ ಹಬ್ಬ. ನೆಟ್‌ನ ಮೇಲಂಚನ್ನು ಸವರುವಂತೆ ಹತ್ತಿರಕ್ಕೆ ಹಾಕುವ ಶಾರ್ಟ್ ಸರ್ವ್ ಇನ್ನೂ ಸೂಕ್ಷ್ಮ. ಸಾವಿರಾರು ಸಲ ಮಾಡಿ ಕೈಗೆ ತಾನಾಗಿ ಬಂದ ಕೆಲಸವನ್ನು ಈಗ ತಲೆ ಹಂತಹಂತವಾಗಿ ನಡೆಸಲು ಹೊರಡುತ್ತದೆ, ಶಟಲ್ ನೆಟ್‌ನ ಮೇಲಂಚಿನ ಟೇಪಿಗೆ ತಾಗಿ ಇತ್ತಲೇ ಬೀಳುತ್ತದೆ. ಇಂಥ ಹೊತ್ತಿನಲ್ಲಿ ಗ್ಯಾಲರಿಯಿಂದ ‘ಕಾನ್ಸಂಟ್ರೇಟ್ ಮಾಡು’ ಎಂದು ಕೂಗಿದರೆ ತಲೆ ಇನ್ನಷ್ಟು ಕೈಹಾಕುತ್ತದೆ. ಇದು ವಾಚಾಳಿಗಳಿಗೂ ಆಗುತ್ತದೆ. ಅವರು ರ್‍ಯಾಕೆಟ್ ಎಸೆಯುತ್ತಾರೆ, ನಿಮ್ಮ ಮಗಳು ಸುಮ್ಮನಾಗುತ್ತಾಳೆ, ವ್ಯತ್ಯಾಸ ಅಷ್ಟೇ.

ಸರಿಪಡಿಸಲು ಕೋಚ್ ಜೊತೆ ಕೂತು ವಾರದಲ್ಲಿ ಎರಡು ದಿನದ ಅಭ್ಯಾಸವನ್ನು ಬದಲಿಸಿ. 0–0ಯಿಂದ ಪೂರ್ತಿ ಗೇಮ್ ಆಡಿಸುವ ಬದಲು 18–15ರಿಂದ ಶುರುಮಾಡಿ ಆರು ತುಂಡು ಗೇಮ್‌ಗಳು, ಮೂರರಲ್ಲಿ ಅವಳು ಮುಂದೆ, ಮೂರರಲ್ಲಿ ಹಿಂದೆ. ಸೋತವರು ಶಟಲ್ ಹೆಕ್ಕಬೇಕು, ಅಷ್ಟು ಸಾಕು. ಮೈದಾನ ಸುತ್ತಿಸುವ ಶಿಕ್ಷೆ ಬೇಡ. ಸರ್ವ್‌ಗೆ ಬೇರೆ ಅಭ್ಯಾಸ: ಕೋರ್ಟಿನ ಅಡ್ಡಕ್ಕೆ ನಾಲ್ಕು ಸಲ ಜೋರಾಗಿ ಓಡಿ ಎದೆ ಬಡಿದುಕೊಳ್ಳುತ್ತಿರುವಾಗಲೇ ಐದು ಶಾರ್ಟ್ ಸರ್ವ್, ಹೀಗೆ ನಾಲ್ಕು ಸುತ್ತು, ಒಟ್ಟು ಇಪ್ಪತ್ತು. ಎದುರು ಅಂಕಣದಲ್ಲಿ ಸರ್ವಿಸ್ ಗೆರೆ ಮತ್ತು ನಡುಗೆರೆ ಕೂಡುವ ಜಾಗದ ಪಕ್ಕ ಖಾಲಿ ಶಟಲ್ ಡಬ್ಬಿ ಮಲಗಿಸಿ. ಅವಳ ಗಮನ ಮಣಿಕಟ್ಟಿನ ಮೇಲಲ್ಲ, ಆ ಡಬ್ಬಿಯ ಮೇಲಿರಬೇಕು. ಎಷ್ಟು ಹತ್ತಿರ ಬಿದ್ದವು ಎಂದು ಪುಸ್ತಕದಲ್ಲಿ ಅವಳೇ ಬರೆದುಕೊಳ್ಳಲಿ.

ಪಾಯಿಂಟ್‌ಗಳ ನಡುವೆಯೂ ಒಂದು ಕ್ರಮ ಬೇಕು. ರ್‍ಯಾಲಿ ಮುಗಿದೊಡನೆ ನೆಟ್‌ಗೆ ಬೆನ್ನು, ರ್‍ಯಾಕೆಟ್ ಎಡಗೈಗೆ, ಬಲಗೈ ಬೆರಳು ಬಿಚ್ಚಿ ಮುಚ್ಚುವುದು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಒಂದೇ ಸಲ. ತಿರುಗುವಾಗ ‘ಎಲ್ಲಿಗೆ ಸರ್ವ್’ ಎಂಬ ಒಂದೇ ನಿರ್ಧಾರ. ಹೆಚ್ಚು ಹೊತ್ತು ಎಳೆದರೆ ಅಂಪೈರ್ ಎಚ್ಚರಿಸಬಹುದು. 11ಕ್ಕೆ ಸಿಗುವ 60 ಸೆಕೆಂಡ್ ಬಿಡುವು 18ರಲ್ಲಿ ಸಿಗುವುದಿಲ್ಲ, ಆದ್ದರಿಂದ ಇದನ್ನು ಅವಳೇ ಮಾಡಿಕೊಳ್ಳಬೇಕು. ಬಹಳ ಮಂದಿ ಎಡವುವುದು ಇಲ್ಲಿ: ಅಭ್ಯಾಸದಲ್ಲಿ ಮಾಡದೆ ನೇರವಾಗಿ ಟೂರ್ನಿಯಲ್ಲಿ ಪ್ರಯೋಗಿಸುತ್ತಾರೆ, ಎರಡು ಪಾಯಿಂಟ್ ಹೋದೊಡನೆ ‘ಇದು ನನಗಾಗಲ್ಲ’ ಎಂದು ಬಿಡುತ್ತಾರೆ. ಅಭ್ಯಾಸದ ಪ್ರತಿ ಪಾಯಿಂಟ್ ನಂತರ ಆರೇಳು ವಾರ ಮಾಡಿ ಕೈಗೂಡಿದ ಮೇಲೆ ಸಣ್ಣ ಟೂರ್ನಿಯಲ್ಲಿ ಮೊದಲು ನೋಡಿ. ಮತ್ತೆ ನೀವಿಬ್ಬರೂ ಕೋರ್ಟಿನ ಪಕ್ಕ ಕೈಸನ್ನೆ ಮಾಡುತ್ತ ನಿಲ್ಲಬೇಡಿ. ಮನೆಗೆ ಬರುವ ದಾರಿಯಲ್ಲಿ ಪಾಯಿಂಟ್ ವಿಶ್ಲೇಷಣೆ ಬೇಡ, ತಿಂಡಿ ಕೊಡಿಸಿ.

ಆಟ ಧೈರ್ಯ ಕೊಡುತ್ತದೆ ಎಂಬ ನಿಮ್ಮ ಯಜಮಾನರ ಮಾತಿಗೆ ಉತ್ತರ: ಕೊಡಬಹುದು, ಕಸಿಯಲೂಬಹುದು. ಅದು ಆಟದ ಹೆಸರಿನ ಮೇಲಲ್ಲ, ಅಲ್ಲಿನ ವಾತಾವರಣದ ಮೇಲೆ ನಿಂತಿದೆ. ಒಂದು ಕಡೆ ಕೋಚ್ ‘ಕಳೆದ ತಿಂಗಳಿಗಿಂತ ನಿನ್ನ ಬ್ಯಾಕ್‌ಹ್ಯಾಂಡ್ ಎಷ್ಟು ಉದ್ದ ಹೋಗುತ್ತಿದೆ’ ಎಂದು ಅಳೆಯುತ್ತಾರೆ. ಇನ್ನೊಂದು ಕಡೆ ಗೋಡೆಯ ಮೇಲೆ ರ್‍ಯಾಂಕ್ ಪಟ್ಟಿ, ಸೋತವರಿಗೆ ಎಲ್ಲರೆದುರು ಬೈಗುಳ, ಗೆದ್ದವರಿಗೆ ಮಾತ್ರ ಹೊಸ ಶಟಲ್. ಮೊದಲನೆಯ ಕಡೆ ಮಕ್ಕಳು ಸೋಲನ್ನು ತಡೆದುಕೊಳ್ಳುವುದನ್ನು, ಕಷ್ಟದ ಎದುರಾಳಿಯನ್ನು ತಾವಾಗಿ ಆರಿಸಿಕೊಳ್ಳುವುದನ್ನು ಕಲಿಯುತ್ತಾರೆ. ಎರಡನೆಯ ಕಡೆ ಆತಂಕ, ಮೋಸದ ಲೈನ್ ಕಾಲ್, ಅರ್ಧದಲ್ಲೇ ಆಟ ಬಿಡುವುದು ಹೆಚ್ಚು. ಐದು ವರ್ಷ ಆಡಿದ್ದಾಳೆ, ಹತ್ತು ವರ್ಷ ಆಡಿದ್ದಾಳೆ ಎಂಬ ಲೆಕ್ಕಕ್ಕಿಂತ ಆ ವರ್ಷಗಳನ್ನು ಎಂಥ ಕಡೆ ಕಳೆದಳು ಎಂಬುದು ಹೆಚ್ಚು ಮುಖ್ಯ.

ಹಾಸ್ಟೆಲ್ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಹಾಸನದಲ್ಲೇ ಮುಂದುವರಿಯುವುದು ಒಂದು. ಇದರ ಅಪಾಯವೆಂದರೆ ಸರಿಸಮನಾದ ಎದುರಾಳಿಗಳು ಸಿಗದೆ ಆಟ ನಿಂತ ನೀರಾಗುವುದು. ಈಗಲೇ ಪೂರ್ತಿ ಸೇರಿಸುವುದು ಇನ್ನೊಂದು. ಒಳ್ಳೆಯ ಜೊತೆಗಾರರು ಸಿಗುತ್ತಾರೆ ನಿಜ. ಆದರೆ ನಿದ್ದೆ, ಓದು, ಊಟ, ಒಂಟಿತನ, ಗಾಯ, ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿ. ಮಾತು ಕಡಿಮೆಯ ಮಗು ತೊಂದರೆಯಾದರೂ ಬೇಗ ಹೇಳುವುದಿಲ್ಲ, ಈ ಒಂದು ಕಾರಣಕ್ಕೆ ಮಾತ್ರ ಅವಳ ಸ್ವಭಾವ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂರನೆಯದು ನಡುದಾರಿ: ಮನೆಯಲ್ಲಿದ್ದು ಬೇಸಿಗೆ ರಜೆಯಲ್ಲಿ ಮೂರು ನಾಲ್ಕು ವಾರ ಬೇರೆ ಕಡೆ ಶಿಬಿರ, ತಿಂಗಳಿಗೊಂದು ಸಲ ಹೊರಗಿನವರ ಜೊತೆ ಮ್ಯಾಚ್. ನನ್ನ ಅಭಿಪ್ರಾಯ ಇದೇ, ಕನಿಷ್ಠ ಇನ್ನೊಂದು ವರ್ಷದ ಮಟ್ಟಿಗೆ. ಬೆರಳಚ್ಚಿನಿಂದ ಪ್ರವೇಶ ನಡೆಸುವ ಆ ಅಕಾಡೆಮಿಯನ್ನಂತೂ ಪಟ್ಟಿಯಿಂದ ತೆಗೆಯಿರಿ.

ಬೇರೆ ಕಡೆ ನೋಡುವಾಗ ಟ್ರೋಫಿ ಕಪಾಟಿನ ಮುಂದೆ ಹೊತ್ತು ಕಳೆಯಬೇಡಿ. ಹೇಳದೆ ಹೋಗಿ ಒಂದು ಸಂಜೆಯ ಅಭ್ಯಾಸ ಪೂರ್ತಿ ನೋಡಿ. ತಪ್ಪು ಮಾಡಿದ ಮಗುವಿಗೆ ಕೋಚ್ ಏನು ಹೇಳುತ್ತಾರೆ, ಕಡಿಮೆ ರ್‍ಯಾಂಕಿನ ಮಗುವಿಗೆ ಎಷ್ಟು ಹೊತ್ತು ಕೊಡುತ್ತಾರೆ? ಹುಡುಗಿಯರ ಮಹಡಿಯಲ್ಲಿ ಮಹಿಳಾ ವಾರ್ಡನ್ ರಾತ್ರಿಯೂ ಇರುತ್ತಾರೆಯೇ, ದೂರು ಕೊಡಲು ಕೋಚ್ ಬಿಟ್ಟು ಬೇರೆ ಯಾರಿದ್ದಾರೆ, ದಿನಾ ಮನೆಗೆ ಫೋನ್ ಮಾಡಲು ಬಿಡುತ್ತಾರೆಯೇ? ಎಲ್ಲರೆದುರು ತೂಕ ನೋಡಿ ಟೀಕಿಸುವ ಪದ್ಧತಿ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿ ರಾತ್ರಿ ಹತ್ತಕ್ಕೆ ಮಲಗಿಸುವ ಕಡೆ ಅದು ಸಿಗದು. ವಾರಕ್ಕೆ ಎಷ್ಟು ಗಂಟೆ ತರಬೇತಿ ಎಂದೂ ಕೇಳಿ. ಮಗುವಿನ ವಯಸ್ಸು ಎಷ್ಟೋ ಅಷ್ಟು ಗಂಟೆ ದಾಟಿದರೆ ಗಾಯದ ಅಪಾಯ ಏರುತ್ತದೆ ಎಂಬುದು ಕ್ರೀಡಾ ವೈದ್ಯರ ಅಳತೆ. 13ಕ್ಕೆ 13 ಗಂಟೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಲಿ. ಮಧ್ಯದಲ್ಲಿ ಬಿಟ್ಟರೆ ಫೀಸು ಏನಾಗುತ್ತದೆ ಎಂಬುದು ಕಾಗದದಲ್ಲಿರಲಿ, ಇಲ್ಲದಿದ್ದರೆ ಕಟ್ಟಿದ ಹಣದ ಮುಖ ನೋಡಿ ಮಗುವನ್ನು ಅಲ್ಲೇ ಬಿಡಬೇಕಾಗುತ್ತದೆ.

ಯಾವ ದಾರಿ ಹಿಡಿದರೂ ಕಣ್ಣಿಡಬೇಕಾದ್ದು ಅವಳ ವಾರದ ಮನಃಸ್ಥಿತಿಯ ಮೇಲೆ. ಅಮೆರಿಕದ ಕ್ರೀಡಾ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಗನ್ ಕ್ರೀಡಾಪಟುಗಳಲ್ಲಿ ಆರು ಸಂಗತಿಗಳನ್ನು ಅಳೆದು ನೋಡಿದರು: ಉತ್ಸಾಹ, ಉದ್ವೇಗ, ಖಿನ್ನತೆ, ಸಿಟ್ಟು, ದಣಿವು, ಗೊಂದಲ. ಚೆನ್ನಾಗಿ ಆಡುತ್ತಿರುವವರಲ್ಲಿ ಉತ್ಸಾಹ ಸಾಮಾನ್ಯರಿಗಿಂತ ಮೇಲೆ, ಉಳಿದ ಐದೂ ಕೆಳಗೆ. ತರಬೇತಿಯ ಹೊರೆ ಮಿತಿಮೀರಿದಾಗ ಇದು ತಲೆಕೆಳಗಾಗುತ್ತದೆ, ಹೊರೆ ಇಳಿಸಿದರೆ ಮೇಲೇಳುತ್ತದೆ. ಮನೆಯಲ್ಲಿ ಅಳತೆಪಟ್ಟಿ ಬೇಡ, ಭಾನುವಾರಕ್ಕೊಮ್ಮೆ ಈ ಆರಕ್ಕೂ ಹತ್ತರಲ್ಲಿ ಎಷ್ಟು ಎಂದು ಅವಳೇ ಅಂಕ ಬರೆದರೆ ಸಾಕು. ಎರಡು ಮೂರು ವಾರ ಸತತವಾಗಿ ಉತ್ಸಾಹ ಇಳಿದು ದಣಿವು ಏರಿದರೆ ಮೊದಲು ತರಬೇತಿ ಕಡಿಮೆ ಮಾಡಿ, ಬೈಯಬೇಡಿ. ನಿದ್ದೆಗೆಡುವುದು, ಊಟ ಬಿಡುವುದು, ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರೆತ್ತಿದರೆ ಮುದುಡುವುದು ಕಂಡರೆ ಅದನ್ನು ಆಟದ ಲೆಕ್ಕದಲ್ಲಿ ಸೇರಿಸದೆ ವೈದ್ಯರನ್ನೋ ನೋಂದಾಯಿತ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ಉಚಿತ. ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅದೇ ದಿನ ಕರೆ ಮಾಡಿ, ಅಕಾಡೆಮಿಯ ಒಳಗಿನ ವಿಚಾರಣೆಗೆ ಕಾಯಬೇಡಿ.